ಗಂಗಲಕ್ಷ್ಮಮ್ಮನವರ ಪರವಾಗಿ

೧.
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲು ಕೋರ್ಟಿನಿಂದ ಶುರು ಮಾಡಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. (ನಿಮ್ಮ ಪುಣ್ಯ.)

೨.
ಸರಿ, ದೊಡ್ಡಬಳ್ಳಾಪುರದ ಈ ಮಗ್ಗದ ಮನೆಯಿಂದಲೇ ಶುರುವಾಗಲಿ. ಕರೆಂಟ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದ ಗಂಗಲಕ್ಷ್ಮಮ್ಮನವರಿಗೆ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋಗಿವೆ. ಅವರ ಪರವಾಗಿ ತೀರ್ಮಾನ ಮಾಡಲು ಕೋರ್ಟು ಅಣ್ಣನ ಮಗ ರವಿಶಂಕರನನ್ನು ಗಾರ್ಡಿಯನ್ ಮಾಡಿದೆ. ಅವನೀಗ ಮಗ್ಗ ಮಾರಿ, ಅತ್ತೆಯನ್ನು ನೆಲಮಂಗಲದ ಕಡೆ ಯಾವುದೋ ಆರೈಕೆ ಕೇಂದ್ರಕ್ಕೆ ಸೇರಿಸಲು ಅನುಮತಿ ಕೇಳಿದ್ದಾನೆ. ಗಾರ್ಡಿಯನ್ ಮೇಲೂ ಒಂದು ಕಣ್ಣಿರಬೇಕಲ್ಲ? ಅದಕ್ಕೆ ಕೋರ್ಟು ಕಳಿಸಿದ ವಕೀಲೆ ಅನಿತ ಇವತ್ತು ಬಂದಿದ್ದಾಳೆ. ಆಕೆ ಹೂಂ ಅಂದರೆ ಮಗ್ಗವೂ ಹೊರಗೆ, ಅತ್ತೆಯೂ ಹೊರಗೆ.

ರವಿಶಂಕರನನ್ನು ಖಳನಾಯಕ ಮಾಡೋಣವೆಂದು ದಪ್ಪ ಮೀಸೆ ಬರೆದೆ. ರೇಗಿಬಿಟ್ಟ.

"ಏನ್ ಸಾರ್ ನೀವು? ದಿನಾ ಮಾತ್ರೆ ನುಂಗ್ಸಿ ಗಂಜಿ ಕುಡ್ಸೋನು ನಾನು. ಮೀಸೆ ಬೇರೆ ಅಂಟಿಸ್ತೀರಲ್ಲ!"

ಮೀಸೆ ಬೋಳಿಸಿದೆ. (ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

"ಮತ್ಯಾಕಪ್ಪಾ ಕಳಿಸ್ತಿದ್ದೀಯ?"

"ಅತ್ತೆಗೆ ಸದ್ದು ಗಲಾಟೆ ಬೇಡ ಅಂತ ಮಗ್ಗ ನಿಲ್ಸಿದೆ. ಆವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ಏನ್ ಬೇಕೋ ಗೊತ್ತಾಗಲ್ಲ. ನಂಗೆ ಭಯ ಆಗುತ್ತೆ ಸಾರ್."

೩.
ಅಂತ್ಯ ಒಂದು: ಅನಿತ ಒಪ್ಪುತ್ತಾಳೆ.
ಅಂತ್ಯ ಎರಡು: ಒಪ್ಪುವುದಿಲ್ಲ.
ಎರಡನ್ನೂ ಗಂಗಲಕ್ಷ್ಮಮ್ಮನವರಿಗೆ ಓದಿ ಹೇಳಿದೆ. ಮುಖವನ್ನು ಗೋಡೆ ಕಡೆ ತಿರುಗಿಸಿದರು.

೫.
(ನಾಲ್ಕನೆಯದರಲ್ಲಿ ಬರೀ ಉಪದೇಶವಿತ್ತು, ಕಿತ್ತೆಸೆದೆ.)

ಅನಿತ ವರದಿಯಲ್ಲಿ ಮಗ್ಗದ ಸ್ಥಿತಿಯನ್ನೂ ಬರೆಯಬೇಕಿತ್ತು. "ಓಡುತ್ತಾ ರವಿಶಂಕರ್? ಒಂಚೂರು ಆನ್ ಮಾಡಿ."

ಸ್ವಿಚ್ ಒತ್ತಿದ. ಮನೆಯೆಲ್ಲ ಟಕಟಕ ಸದ್ದು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಈ ಗದ್ದಲದಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ, ಮಾತೆಲ್ಲ ಕೈಸನ್ನೆಯಲ್ಲೇ. ರವಿಯ ಕಣ್ಣೂ ತಾನಾಗಿ ಅತ್ತೆಯ ಎಡಗೈ ಮೇಲೆ ಹೋಯಿತು. ಮಗ್ಗ ನಿಂತಾಗಿನಿಂದ ಅವನು ಅವರ ಬಾಯಿಯನ್ನೇ ನೋಡುತ್ತ ಕಾದಿದ್ದ, ಕೈ ಸುಮ್ಮನೆ ನಡುಗುತ್ತದೆ ಅಂದುಕೊಂಡಿದ್ದ. ಆ ಕೈ ಅವನನ್ನು ಬಯ್ಯುತ್ತಿತ್ತು!

ಇವನೂ ಕೈಯಾಡಿಸಿದ. ನಕ್ಕ. ಆಮೇಲೆ ಗೊಳೋ ಅಂತ ಅತ್ತ. ಅತ್ತೆ ಮಾತ್ರ ನಿಲ್ಲಿಸಲೇ ಇಲ್ಲ.

"ಏನಂತಿದ್ದಾರೆ?" ಅನಿತ ಅವನ ಕಿವಿಯ ಹತ್ತಿರ ಕೂಗಿದಳು.

"ಎಲ್ಲಿಗೂ ಹೋಗಲ್ವಂತೆ ಮೇಡಂ! ಅರ್ಜಿ ವಾಪಸ್ ತಗೋತೀನಿ!"

"ಇನ್ನೂ ಏನೇನೋ ಅಂದರಲ್ಲ?" ಇದು ನಾನು. ಆ ಸನ್ನೆ ನನಗೆ ಒಂದಕ್ಷರವೂ ತಿಳಿದಿರಲಿಲ್ಲ. "ಹೇಳಪ್ಪಾ, ಅವರ ಪರವಾಗಿ ನಾನು ಬರೀತೀನಿ. ಕಥೆ ಮುಗಿಸಬೇಕು."

ರವಿ ಕೈಯಲ್ಲೇ ಅತ್ತೆಯನ್ನು ಕೇಳಿದ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೆರಳಾಡಿಸಿದರು.

"ಅವ್ರ ಪರವಾಗಿ ಬರೆಯೋಕೆ ನಿಮ್ಹತ್ರ ಕೋರ್ಟ್ ಆರ್ಡರ್ ಇದ್ಯಾ ಅಂತ ಕೇಳ್ತಾವ್ರೆ ಸಾರ್."

ಇಲ್ಲ. ಪೆನ್ನು ಜೇಬಿಗೆ ಹಾಕಿಕೊಂಡೆ. ಅವರು ಇನ್ನೂ ಮಾತಾಡುತ್ತಲೇ ಇದ್ದಾರೆ.