ಶಿವರಾತ್ರಿಯ ಲೋಟ, ಬಂದೂಕಿನ ಲೈಸನ್ಸು

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಓಡಿದ್ದೂ ಹೌದು. ನಡುವೆ ಗಿರೀಶ ಬನವಾಸಿಯಿಂದ ಶಿರಸಿವರೆಗೆ ಬೈಕ್ ಓಡಿಸಬೇಕಾಯಿತು.

ಬನವಾಸಿಯ ಹೊರಗೆ ಅಂದಾನಪ್ಪನ ಅನಾನಸು ಹೊಲ. ಹಣ್ಣು ಬಲಿಯುವ ಹೊತ್ತಿಗೆ ಕಾಡುಹಂದಿಗಳು ಕುಟುಂಬ ಸಮೇತ ಬರುತ್ತವೆ. ತಿನ್ನುವುದು ಕಡಿಮೆ, ಉರುಳಿಸುವುದು ಹೆಚ್ಚು. ಪಟಾಕಿ ಹೊಡೆದು ನೋಡಿದ. ಸುತ್ತ ಹಳೆ ಸೀರೆ ಕಟ್ಟಿ ನೋಡಿದ. ಸೀರೆಗೆ ಹಂದಿಗಳು ಸ್ವಲ್ಪ ದಿನ ಮರ್ಯಾದೆ ಕೊಟ್ಟವು, ಆಮೇಲೆ ಅದನ್ನೂ ಹರಿದವು. ಕಡೆಗೆ ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸನ್ಸಿಗೆ ಅರ್ಜಿ ಹಾಕಿದ. ಪೊಲೀಸರು ಬಂದು ವಿಚಾರಿಸಿ ಹೋದರು. ಉಳಿದದ್ದು ಡಾಕ್ಟರರ ಸರ್ಟಿಫಿಕೇಟು: ಮೈಯೂ ಮನಸ್ಸೂ ನೆಟ್ಟಗಿವೆ, ಅಮಲಿನ ಚಟ ಇಲ್ಲ ಅಂತ. ಅದಕ್ಕಾಗಿ ಶಿವರಾತ್ರಿ ಮುಗಿದ ಮೇಲಿನ ಸೋಮವಾರ ಶಿರಸಿಗೆ ಬರಲು ಡಾಕ್ಟರ್ ಪ್ರಮೋದ ಹೇಳಿದ್ದರು.

ಡಾಕ್ಟರರು ಹೆಗ್ಗರಣೆ ಕಡೆಯವರು. ಮಾತು ಶುರುವಾಗುವುದು ‘ಎಂತಾ ಅಂದ್ರೆ’ಯಿಂದ, ಮುಗಿಯುವುದು ‘ತಿಳೀತಲ್ಲ?’ದಿಂದ. ಇಂಥ ಮಾತು ಗಿರೀಶನ ಕಿವಿಗೆ ಬೀಳಬಾರದಿತ್ತು; ದಿನ ಕೇಳಲು ಅಂದಾನಪ್ಪನ ಜೊತೆ ಹೋದಾಗ ಬಿತ್ತು. ಗಿರೀಶ ಅಂದಾನಪ್ಪನ ಗೆಳೆಯ, ಬಿ.ಎ. ಓದಿ ಗೊಬ್ಬರದ ಅಂಗಡಿ ಇಟ್ಟವನು. ಕಂಡಕ್ಟರ್, ಹರಾಜು ಕೂಗುವವರು, ಕುಡಿದ ಬೀಗರು, ಎಲ್ಲರೂ ಅವನ ಗಂಟಲಲ್ಲೇ ಬಾಡಿಗೆಗಿದ್ದಾರೆ. ಅವನು ಕೆಮ್ಮಿದರೆ ಯಾರ ಕೆಮ್ಮು ಅಂತ ಹೆಂಡತಿ ಕೇಳುತ್ತಾಳೆ.

ಅಂದಾನಪ್ಪನ ಮನೆಯಲ್ಲಿ ಶಿವರಾತ್ರಿಗೆ ಅವನ ತಾಯಿ ಪಾರ್ವತವ್ವ ಭಂಗಿ ಸೊಪ್ಪು ಅರೆದು, ಬೆಲ್ಲ, ಹಾಲು, ಮೆಣಸು ಸೇರಿಸಿ ಪಾನಕ ಮಾಡಿ, ದೇವರಿಗಿಟ್ಟು ಎಲ್ಲರಿಗೂ ಕೊಡುವುದು ಪದ್ಧತಿ. ಬೇಡ ಅಂದವರಿಗೆ ಎರಡು ಲೋಟ. ಈ ಸಲ ಗಿರೀಶನೂ ಪಕ್ಕದಲ್ಲೇ ಕೂತು ಕುಡಿದಿದ್ದ. ಭಾನುವಾರ ಅವನು, ಅಂಗಡಿಗೆಂದು ಕೊಂಡ ಹೊಸ ಸಿಮ್‌ನಿಂದ ಅಂದಾನಪ್ಪನಿಗೆ ಫೋನ್ ಹಚ್ಚಿದ.

“ಅಂದಾನಪ್ಪನವರಾ? ನಾನು ಡಾಕ್ಟರ್ ಪ್ರಮೋದ. ಎಂತಾ ಅಂದ್ರೆ, ಬಂದೂಕಿನವ್ರಿಗೆ ಹೊಸ ಟೆಸ್ಟ್ ಬಂದದೆ. ಮೂತ್ರದಲ್ಲಿ ಗಾಂಜಾ, ಭಂಗಿ ಎಂತ ಇದ್ರೂ ಮಷಿನ್ನು ಹೇಳ್ತದೆ. ತಿಳೀತಲ್ಲ?”

“ಒಂದಽ ಲೋಟ ಕುಡದಿದ್ರ, ಸಾಹೇಬ್ರ?”

“ಯಾರು ಕುಡಿದದ್ದು?”

“ಯಾರೂ ಇಲ್ರೀ. ಸುಮ್ನ ಕೇಳಿದೆ.”

ಗಿರೀಶ ಫೋನಿಟ್ಟು ಗೊಬ್ಬರದ ಚೀಲದ ಮೇಲೆ ಬಿದ್ದು ನಕ್ಕ. ಅಂದಾನಪ್ಪ ಮದ್ದು ಕೇಳಿಕೊಂಡು ಓಡಿ ಬರುತ್ತಾನೆ, ಹಾಗಲಕಾಯಿ ರಸ ಕುಡಿಸಿ ಕಳಿಸಿದರಾಯಿತು ಎಂಬುದು ಅವನ ಲೆಕ್ಕ. ಅಂದಾನಪ್ಪ ಬರಲೇ ಇಲ್ಲ. ಬೆಳಿಗ್ಗೆ ಗಿರೀಶನೇ ಅವನ ಮನೆ ಕಡೆ ಹೋದರೆ ಅಂದಾನಪ್ಪನ ಹೆಂಡತಿ ಗಂಗಾಂಬಿಕಾ ಹೇಳಿದಳು:

“ಅತ್ತಿಯವರನ್ನ ಸಾಕ್ಷಿಗೆ ಕರಕೊಂಡು ಬಸ್ಸಿಗೆ ಹ್ವಾದ್ರಪ್ಪ. ಡಾಕ್ಟರ್ ಮುಂದ ಇದ್ದದ್ದು ಇದ್ದಂಗ ಹೇಳ್ತಾರಂತ.”

ಗಿರೀಶನ ನಗು ಅಲ್ಲೇ ಆರಿತು. ‘ಭಂಗಿ ಕುಡಿಯುತ್ತೇನೆ’ ಅಂತ ಅಂದಾನಪ್ಪನೇ ಬಾಯಿಬಿಟ್ಟು, ಡಾಕ್ಟರರು ಅದನ್ನೇ ಬರೆದರೆ ಲೈಸನ್ಸು ಹೋಯಿತು. ಈ ವರ್ಷದ ಹಣ್ಣೂ ಹಂದಿಗೆ. ಫೋನ್ ಮಾಡಿದ, ಅಂದಾನಪ್ಪ ಎತ್ತಲಿಲ್ಲ. ಬೈಕ್ ಹತ್ತಿದ.

ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಪಾರ್ವತವ್ವನ ದನಿ.

“ತಪ್ಪು ನಂದೈತ್ರಿ ಸಾಹೇಬ್ರ. ನಾನಽ ಅರದು ಕೊಟ್ಟೀನಿ. ಮಷಿನ್ನಿಗೆ ಅವನದೊಂದಽ ಯಾಕ, ನಂದೂ ಹಾಕ್ರಿ. ಎರಡೂ ತಂದೀವಿ.”

ಕೈಚೀಲದಿಂದ ಎರಡು ಉಪ್ಪಿನಕಾಯಿ ಬಾಟಲಿ ಹೊರಬಂದು ಮೇಜಿನ ಮೇಲೆ ಕೂತವು. ಡಾಕ್ಟರರು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡರು.

“ಯಾವ ಮಷಿನ್ನು?”

“ನಿನ್ನೆ ನೀವಽ ಫೋನ್ ಮಾಡಿದ್ರಲ್ರೀ,” ಅಂದ ಅಂದಾನಪ್ಪ.

“ನಾನಾ?”

“ಸರ್, ಅದು ನಾನು,” ಅಂದ ಗಿರೀಶ ಬಾಗಿಲಲ್ಲೇ.

ಅಂದಾನಪ್ಪ ಗೆಳೆಯನ ಕಡೆ ತಿರುಗಿಯೂ ನೋಡಲಿಲ್ಲ. “ನಾ ಎಲ್ಲಾ ಹೇಳಿಬಿಟ್ಟೀನಿ. ಈಗ ಅದನ್ನ ಬರೀತೀರೇನ್ರೀ?”

“ಯಾವಾಗೆಲ್ಲ ಕುಡೀತೀರಿ?”

“ಶಿವರಾತ್ರಿಗಿ.”

“ಮತ್ತೆ?”

“ಮತ್ತ ಮುಂದಿನ ಶಿವರಾತ್ರಿಗಿ.”

ಡಾಕ್ಟರರು ಅವನ ಕಣ್ಣು ಅಗಲಿಸಿ ನೋಡಿದರು, ಕೈ ಚಾಚಿಸಿ ನಡುಕ ನೋಡಿದರು, ನಿದ್ದೆ ವಿಚಾರಿಸಿದರು. “ಸಿಟ್ಟು ಬಂದ್ರೆ ಹೆಂಡ್ತಿಗೆ ಹೊಡೀತೀರಾ?”

“ಆಕಿ ಬಿಡಂಗಿಲ್ರೀ.”

ಡಾಕ್ಟರರು ಪೆನ್ನು ತೆಗೆದರು. “ಎಂತಾ ಅಂದ್ರೆ, ಚಟ ಇದ್ಯಾ ಅಂತ ನನ್ನ ಕೇಳಿದ್ದಾರೆ. ಹಬ್ಬಕ್ಕೊಂದು ಲೋಟ ಕುಡಿದದ್ದು ಚಟ ಅಲ್ಲ. ಟೆಸ್ಟ್ ಮಾಡಿ ಅಂತ ನನಗೆ ಯಾರೂ ಹೇಳಲಿಲ್ಲ. ನಾಳೆ ಯಾರಾದ್ರೂ ಹೇಳಿದ್ರೂ ಹೀಂಗೆ ಬಾಟ್ಲಿ ಹಿಡ್ಕಂಡು ಓಡೂದಲ್ಲ. ಯಾವ ಕಾನೂನಲ್ಲಿದೆ, ಬರೆದು ಕೊಡಿ ಅನ್ನಿ. ನೀವು ಒಪ್ಪದೆ ನಾನೂ ಸ್ಯಾಂಪಲ್ ತಗಳೂ ಹಾಂಗಿಲ್ಲ. ಲೈಸನ್ಸ್ ಇಲ್ಲ ಅಂದ್ರೆ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ, ಮೇಲೆ ಅಪೀಲು ಹೋಗಿ. ಅರ್ಜಿ ಹಾಕಿದವರೆಲ್ಲ ಕಳ್ಳರಲ್ಲ. ತಿಳೀತಲ್ಲ?”

“ತಿಳೀತ್ರಿ,” ಅಂದಳು ಪಾರ್ವತವ್ವ. “ಈ ಬಾಟ್ಲಿ?”

“ಮೊದ್ಲು ಅದನ್ನ ತೆಗೀರಿ.”

ಸಹಿ ಬಿತ್ತು, ಸೀಲು ಬಿತ್ತು. ಅಂದಾನಪ್ಪ ಕಾಗದವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಗ ಡಾಕ್ಟರರು ಗಿರೀಶನ ಕಡೆ ತಿರುಗಿದರು.

“ಪೊಲೀಸರಿಗೆ ಹೇಳೂದಾ, ಇಲ್ಲೇ ಮಾಡಿ ತೋರಿಸ್ತೀಯಾ?”

ಗಿರೀಶ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ, ಫೋನಿನಲ್ಲಿ ಹೇಳಿದ್ದನ್ನು ಡಾಕ್ಟರರ ದನಿಯಲ್ಲಿ ಹಾಗೆಯೇ ಒಪ್ಪಿಸಿದ. ಮಷಿನ್ನೂ ಬಂತು, ಮೂತ್ರವೂ ಬಂತು. ನರ್ಸ್ ಗೋಡೆ ಕಡೆ ಮುಖ ಮಾಡಿ ನಿಂತಳು. ಡಾಕ್ಟರರ ಮುಖ ಕೆಂಪಾಯಿತು.

“ಎಂತಾ ಅಂದ್ರೆ,” ಅಂದರು ಅವರು, “ನಾನು ಹೀಂಗೆ ಮಾತಾಡೂದೇ ಇಲ್ಲ. ತಿಳೀತಲ್ಲ?”

ನರ್ಸಿಗೆ ತಡೆಯಲಾಗಲಿಲ್ಲ. ಪಾರ್ವತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ತಾನು ಏನಂದೆ ಎಂದು ಒಂದು ಕ್ಷಣದ ಮೇಲೆ ಹೊಳೆದು ಡಾಕ್ಟರರೂ ನಕ್ಕರು. ಆದರೆ ಹೊರಗಿನ ಸಾಲಿನ ರೋಗಿಗಳು ಎದ್ದು ಬಂದು ಇಣುಕುವಂತೆ, ಮೇಜು ಗುದ್ದಿ ಗುದ್ದಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕವನು ಅಂದಾನಪ್ಪ.