ಮೆಟ್ಟಿಲ ಕೆಳಗಿನ ಎರಡೂವರೆ ಅಡಿ

ಎಷ್ಟು ತೆಳ್ಳಗಿದೆ, ಪಕ್ಕದಿಂದ ನೋಡಿದರೆ ಇಲ್ಲವೇ ಇಲ್ಲ, ಎದುರಿಗೆ ಬಂದರೆ ಕಿಟಕಿಯಷ್ಟು ಅಗಲ, ಮತ್ತೆ ಪಕ್ಕಕ್ಕೆ ಸರಿದರೆ ಮಾಯ — ಸ್ಕ್ರೀನೇ ಕಂಪ್ಯೂಟರ್ ಮೇಡಂ, ಎಲ್ಲಾ ಇದರೊಳಗೇ ಇದೆ, ಕೆಳಗೆ ಡಬ್ಬ ಇಲ್ಲ, ವೈರುಗಳ ಗೋಜಲಿಲ್ಲ, ಜಾಗ ತಿನ್ನೋದೇ ಇಲ್ಲ ಎನ್ನುತ್ತಾನೆ ಅಂಗಡಿಯವನು, ಜಾಗ ತಿನ್ನೋದೇ ಇಲ್ಲ ಎಂಬಲ್ಲಿ ತಮ್ಮನ ಹೆಂಡತಿಯ ಮುಖ ನೋಡುತ್ತಾನೆ, ನನ್ನದಲ್ಲ, ಕುಳಿತು ಕೆಲಸ ಮಾಡುವವಳು ನಾನಾದರೂ. ಚೆನ್ನಾಗಿಲ್ಲ ಎಂದರೆ ನಾಲಿಗೆ ಬಿದ್ದುಹೋಗುತ್ತದೆ, ಚೆನ್ನಾಗಿದೆ, ಅಕ್ಷರಗಳು ತೊಳೆದಿಟ್ಟಂತಿವೆ, ನನ್ನ ಹಳೆಯ ಪರದೆಯಲ್ಲಿ ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗಿದೆಯೋ ಇಲ್ಲವೋ ಎಂದು ಮೂಗು ಗಾಜಿಗೆ ಒತ್ತಿ ನೋಡಬೇಕು, ಇಲ್ಲಿ ಮಾರು ದೂರದಿಂದ ಕಾಣುತ್ತದೆ. ಸದ್ದೂ ಇಲ್ಲ. ನನ್ನ ಡಬ್ಬ ಹಿಟ್ಟಿನ ಗಿರಣಿ, ಬೆಳಿಗ್ಗೆ ಗುಂಡಿ ಒತ್ತಿದರೆ ಮನೆಗೆಲ್ಲ ಗೊತ್ತಾಗುತ್ತದೆ ಅಕ್ಕ ಎದ್ದಳು ಎಂದು. ತಗೋ ಅಕ್ಕ, ನಾವಿಬ್ಬರೂ ಸೇರಿ ನಿನಗೆ ಕೊಡ್ತಿರೋದು, ನೀನು ಬರೀ ಹೂಂ ಅನ್ನು ಎನ್ನುತ್ತಾನೆ ತಮ್ಮ, ಎಂಥ ಒಳ್ಳೆಯ ದನಿ, ಚಿಕ್ಕವನಿದ್ದಾಗ ನನ್ನ ಪೆನ್ಸಿಲ್ ಕದ್ದು ಅದರ ಅರ್ಧ ನನಗೇ ಕೊಡಲು ಬರುತ್ತಿದ್ದಾಗಲೂ ಇದೇ ದನಿ. ಹೂಂ ಅನ್ನಲಾರೆ. ಇಪ್ಪತ್ತಾರು ವರ್ಷದಿಂದ ಅಕ್ಷರ ಜೋಡಿಸಿ ಪುಸ್ತಕಗಳಿಗೆ ಪುಟ ಕಟ್ಟುತ್ತಿದ್ದೇನೆ, ಈಗ ಕೈಯಲ್ಲಿರುವುದು ಸಾವಿರದ ನೂರು ಪುಟದ ನಿಘಂಟು, ಪುಟಕ್ಕೆರಡು ಕಾಲಂ, ಅಷ್ಟು ಕಾಲಂಗಳಲ್ಲಿ ಒಂದು ಅಲ್ಪವಿರಾಮ ಜಾರಿದರೂ ಹಿಡಿಯುವವಳಿಗೆ ತಮ್ಮನ ದನಿ ಜಾರುವುದು ತಿಳಿಯದೇ?

ಬುಧವಾರ ನೋಡಿದೆನಲ್ಲ, ಮುದ್ರಣಾಲಯದಿಂದ ಒಂದು ಗಂಟೆ ಮುಂಚೆ ಬಂದೆ, ಗಂಡ ಹೆಂಡತಿ ಮೆಟ್ಟಿಲ ಕೆಳಗೆ ಬಗ್ಗಿಕೊಂಡಿದ್ದರು, ಚಪ್ಪಲಿ ಗೂಡು ಹೊರಗೆ ಬಂದಿತ್ತು, ಅವಳು ಟೇಪಿನ ಒಂದು ತುದಿ ಹಿಡಿದಿದ್ದಳು, ಅವನು ಇನ್ನೊಂದು, ಎರಡೂವರೆ ಅಡಿ ಕಣೇ, ಸಾಕು, ತೆಳ್ಳನೆಯದಾದ್ರೆ ಆರಾಮಾಗಿ ಕೂರುತ್ತೆ. ಏನು ಅಳೀತಿದ್ದೀರಿ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ತಮ್ಮ ಟೇಪನ್ನು ಜೇಬಿಗೆ ತುರುಕಿಕೊಂಡ, ಅದು ಸರ್ರನೆ ಸುತ್ತಿಕೊಳ್ಳುತ್ತ ಅವನ ಬೆರಳು ಕಚ್ಚಿತು. ಆಮೇಲೆ ಅವಳೇ ಹೇಳಿದಳು, ಅವಳಿಗೆ ಧೈರ್ಯ ಹೆಚ್ಚು: ಅಕ್ಕ, ಮಗಳು ಮುಂದಿನ ವರ್ಷ ದೊಡ್ಡ ಪರೀಕ್ಷೆಗೆ ಕೂರ್ತಾಳೆ, ಅವಳಿಗೆ ಬಾಗಿಲು ಹಾಕ್ಕೊಂಡು ಓದೋಕೆ ಒಂದು ರೂಮು ಬೇಕು, ನೀವು ಹಗಲೆಲ್ಲ ಇಲ್ಲಿ ಮೆಟ್ಟಿಲ ಕೆಳಗೆ ಹಾಲ್‌ನಲ್ಲೇ ಕೆಲಸ ಮಾಡಬಹುದಲ್ಲ, ಮಲಗೋಕೆ ಅವಳ ಜೊತೆ. ಸುಳ್ಳೇನಲ್ಲ, ಹುಡುಗಿಗೆ ಜಾಗ ಬೇಕು. ಆದರೆ ನನ್ನ ಆ ಕೋಣೆ — ತೀರಿಕೊಳ್ಳುವವರೆಗೂ ಆರು ವರ್ಷ ಅಮ್ಮ ಅಲ್ಲಿ ಮಲಗಿದ್ದಳು, ಗೋಡೆಯ ಕಡೆ ಅವಳ ಮಂಚ, ಕಿಟಕಿಯ ಕಡೆ ನನ್ನ ಮೇಜು, ಎಡಗೈಯಲ್ಲಿ ಅವಳಿಗೆ ನೀರು, ಬಲಗೈಯಲ್ಲಿ ಮೌಸು, ತಮ್ಮ ಬಾಗಿಲಲ್ಲಿ ನಿಂತು ಹೇಗಿದ್ದೀಯಮ್ಮ ಎಂದು ಕೇಳಿ ಹೊರಟುಹೋಗುತ್ತಿದ್ದ, ಅಮ್ಮನೋ, ಆ ಗಿರಣಿ ನಿಲ್ಲಿಸಬೇಡ ಕಣೇ, ಸದ್ದು ನಿಂತ್ರೆ ನಂಗೆ ಎಚ್ಚರ ಆಗುತ್ತೆ. ಕೆಲಸ ಮುಗಿದರೂ ಡಬ್ಬ ಓಡುತ್ತಿತ್ತು. ಎಷ್ಟು ಸಲ ಕೆಟ್ಟಿಲ್ಲ ಅದು, ಪ್ರತಿ ಸಲವೂ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಸ್ಕ್ರೂಗಳನ್ನು ಅಮ್ಮನ ಔಷಧಿ ಬಾಟಲಿನ ಮುಚ್ಚಳದಲ್ಲಿಟ್ಟು, ನಾನೇ ಬಿಚ್ಚಿದೆ, ಧೂಳು ಊದಿದೆ, ಫ್ಯಾನು ಬದಲಿಸಿದೆ, ಮುಚ್ಚಿದೆ. ಹೆಂಗಸು ಕಂಪ್ಯೂಟರ್ ಬಿಚ್ಚುವುದೇ ಎಂದು ರಿಪೇರಿಯವನು ನಕ್ಕಿದ್ದ, ನಗಲಿ, ಮರುದಿನ ಅದು ಓಡಿತು, ಅವನ ನಗು ಓಡಲಿಲ್ಲ.

ಬೆನ್ನು ನೋಡಬೇಕು ಅಂಗಡಿಯ ಈ ತೆಳ್ಳನೆಯದರದ್ದು. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ, ಅಂಗಡಿಯವನು ನಿಧಾನ ಮೇಡಂ ನಿಧಾನ ಎಂದು ಓಡಿಬಂದ — ನುಣ್ಣನೆಯ ಬಿಳಿ ಬೆನ್ನು, ಒಂದು ಸ್ಕ್ರೂ ಇಲ್ಲ, ಉಗುರು ತೂರಿಸಲು ಒಂದು ಸಂದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇದನ್ನ ಬಿಚ್ಚೋದು ಹೇಗೆ? ಬಿಚ್ಚೋ ಅಗತ್ಯಾನೇ ಬರಲ್ಲ ಮೇಡಂ. ಬಂದ್ರೆ? ಕಂಪನಿಯವರು ಬಂದು ತಗೊಂಡು ಹೋಗ್ತಾರೆ, ಎರಡು ಮೂರು ವಾರ ಅಷ್ಟೇ. ಎರಡು ಮೂರು ವಾರ ನನ್ನ ನಿಘಂಟು ಯಾರ ತಲೆಯ ಮೇಲೆ ಕೂರುತ್ತದೆ? ಮೆಮೊರಿ ಸಾಲದೇ ಹೋದ್ರೆ ಇನ್ನೊಂದು ಹಾಕಬಹುದಾ? ಇದರಲ್ಲಿ ಬೆಸುಗೆ ಹಾಕಿಬಿಟ್ಟಿದ್ದಾರೆ ಮೇಡಂ, ಆಗಲ್ಲ. ಸ್ಕ್ರೀನ್ ಹೋದ್ರೆ? ಅವನು ಕೆಮ್ಮಿದ, ಪೂರ್ತಿ ಹೋದ ಹಾಗೇನೇ. ಅಕ್ಕ, ಅದೆಲ್ಲ ನಾವು ನೋಡ್ಕೋತೀವಿ ಬಿಡು ಎಂದ ತಮ್ಮ, ನಾವು ನೋಡ್ಕೋತೀವಿ, ಅಮ್ಮನಿಗೂ ಇದನ್ನೇ ಹೇಳಿದ್ದ, ಎದೆಯೊಳಗೆ ಏನೋ ಫಟ್ಟನೆ ಕಳಚಿತು, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ, ಅದೇ ಇರಬೇಕು. ಬೇಡ ಕಣೋ, ಎಂದೆ, ಮುಂದಿನ ಸಾಲಿನ ಗಿರಾಕಿಗಳು ತಿರುಗಿ ನೋಡುವಷ್ಟು ಗಟ್ಟಿಯಾಗಿ. ಕಂಪ್ಯೂಟರ್ ತೆಳ್ಳಗಿರಲಿ, ನನ್ನನ್ನ ಯಾಕೆ ತೆಳ್ಳಗೆ ಮಾಡ್ತೀರಿ? ಮೆಟ್ಟಿಲ ಕೆಳಗೆ ಚಪ್ಪಲಿ ಇರಲಿ, ನಾನಿರಲ್ಲ. ರೂಮು ಬಿಡಲ್ಲ. ಮೇಜು ಆರಡಿ ಇದೆ, ಮಗಳು ಆಚೆ ಬದಿಗೆ ಕೂತು ಓದಲಿ, ಬಾಗಿಲು ಇಬ್ಬರೂ ಹಾಕ್ಕೊಳ್ತೀವಿ, ಅವಳಿಗೆ ಗಣಿತ ಹೇಳಿಕೊಟ್ಟೋಳು ನಾನೇ ತಾನೇ. ಎಲ್ಲರ ಮುಂದೆ ಹೀಗಾ ಅಕ್ಕ ಎಂದಳು ತಮ್ಮನ ಹೆಂಡತಿ, ಕಿವಿ ಕೆಂಪಾಗಿತ್ತು. ಹೌದು, ಎಲ್ಲರ ಮುಂದೇನೇ, ನೀವು ಇಲ್ಲಿಗೇ ಕರ್ಕೊಂಡು ಬಂದ್ರಲ್ಲ. ಅಂಗಡಿಯವನಿಗೆ ಹೇಳಿದೆ, ಅಕ್ಷರ ಇಷ್ಟೇ ಚೆನ್ನಾಗಿ ಕಾಣೋ ಬರೀ ಮಾನಿಟರ್ ತೋರಿಸಿ, ನಿಮ್ಮಲ್ಲಿರೋದ್ರಲ್ಲೇ ಅಗಲದ್ದು, ನನ್ನ ಹಳೇ ಡಬ್ಬಕ್ಕೆ ಹಾಕೋ ಮೆಮೊರಿ ಒಂದು, ಅದನ್ನ ನಾನೇ ಹಾಕ್ಕೋತೀನಿ.

ಈಗ ಕಾರಿನಲ್ಲಿದ್ದೇವೆ. ಮಾನಿಟರಿನ ಪೆಟ್ಟಿಗೆ ಡಿಕ್ಕಿಗೆ ಹಿಡಿಸಲಿಲ್ಲ, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅರ್ಧ, ತಮ್ಮನ ಹೆಂಡತಿಯ ತೊಡೆಯ ಮೇಲೆ ಅರ್ಧ, ಅವಳ ಭುಜ ಬಾಗಿಲಿಗೆ ಒತ್ತಿಕೊಂಡಿದೆ, ಅಯ್ಯೋ ಪಾಪ ಅನ್ನಿಸುತ್ತದೆ, ಆದರೂ ಸರಿಯುವುದಿಲ್ಲ. ಮಗಳು ನಿಮ್ಮ ಜೊತೆ ಕೂತು ಓದ್ತಾಳಾ ಎಂದು ಕೊನೆಗೆ ಅವಳೇ ಮೆಲ್ಲಗೆ ಕೇಳುತ್ತಾಳೆ, ಓದ್ತಾಳೆ, ನನ್ನ ಗಿರಣಿ ಸದ್ದಿಗೆ ನಿದ್ದೆ ಮಾಡದಿದ್ದರೆ, ಎನ್ನುತ್ತೇನೆ, ಅವಳು ನಗುವುದಿಲ್ಲ, ತುಟಿ ಮಾತ್ರ ಒಂದಿಷ್ಟು ಸಡಿಲವಾಗುತ್ತದೆ. ಅಕ್ಕ, ಪೆಟ್ಟಿಗೆ ಮಲಗಿಸಿಬಿಡು, ನಂಗೆ ಹಿಂದಿನ ಗಾಡಿ ಕಾಣ್ತಿಲ್ಲ, ಎನ್ನುತ್ತಾನೆ ತಮ್ಮ ಕನ್ನಡಿ ನೋಡುತ್ತ. ಮಲಗಿಸೋ ಹಾಗಿಲ್ಲ ಕಣೋ, ನೋಡು, ಬಾಣ ಹಾಕಿದ್ದಾರೆ. ಪೆಟ್ಟಿಗೆಯ ಮೈಮೇಲೆ ಕಪ್ಪು ಬಾಣ, ನನ್ನ ಗಲ್ಲದಿಂದ ಗೇಣು ದೂರದಲ್ಲಿ, ತಿರುವಿನಲ್ಲಿ ಕಾರು ವಾಲುತ್ತದೆ, ಬಾಣವೂ ವಾಲುತ್ತದೆ, ಎರಡೂ ತೋಳು ಬಿಗಿದು ನೆಟ್ಟಗೆ ಮಾಡುತ್ತೇನೆ, ಮತ್ತೊಂದು ತಿರುವು, ಮತ್ತೆ ನೆಟ್ಟಗೆ, ಅತ್ತ ಕಡೆಯಿಂದ ಅವಳ ಕೈಯೂ ಬಂದು ಪೆಟ್ಟಿಗೆಯ ಅಂಚು ಹಿಡಿಯುತ್ತದೆ, ಹಿಡಿಯಲಿ, ಬಾಣ ಮೇಲಕ್ಕೆ, ಕಪ್ಪಗೆ, ದಪ್ಪಗೆ, ಮೇಲಕ್ಕೆ —