ತಿರುಗಿ ತುಂಬದ ಬಾಟಲಿ

ಮುಂದಿನಿಂದ ಮೂರನೆಯ ಸೀಟಿನಲ್ಲಿ ಆ ಕುತ್ತಿಗೆ, ಕಾಲರಿನ ಮೇಲೆ ಎರಡು ಮಡಿಕೆ, ಮಡಿಕೆಗಳ ನಡುವೆ ಬೆವರಿನ ಗೆರೆ, ರಾಜಾರಾಮನದೇ, ಹದಿನೆಂಟು ವರ್ಷದಿಂದ ಪೂನಮ ಆ ಮನುಷ್ಯನನ್ನು ಹಿಂದಿನಿಂದಲೇ ನೋಡುತ್ತ ಬಂದಿದ್ದಾಳೆ, ಎದುರಾದರೆ ಮುಖ ತಿರುಗಿಸುವುದು, ದಾಟಿ ಹೋದ ಮೇಲೆ ಬೆನ್ನು ನೋಡುವುದು, ಇವತ್ತೂ ವಿಜಯಪುರದ ನಿಲ್ದಾಣದಲ್ಲಿ ಬಸ್ಸು ಹತ್ತುವಾಗ ಅವನು ಪೂನಮ, ಆರಾಮ ಅದೀಯೇನವಾ, ಊರಿಗಿ ಹೊಂಟೀಯೇನ ಅಂದ, ಅವಳು ಕೇಳಿಸದವಳಂತೆ ಹಿಂದಕ್ಕೆ ಬಂದು ಕಿಟಕಿಯ ಪಕ್ಕ ಕೂತಳು, ತೊಡೆಯ ಮೇಲೆ ಚೀಲ, ಚೀಲದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಏಳನೆಯ ಬಾಟಲಿ — ಆರು ಕೆಟ್ಟಿವೆ, ಇದು ಕೆಡಬಾರದು. ಬಸ್ಸು ತಿಕೋಟಾದ ದಾರಿ ಹಿಡಿದಿದೆ, ಕಿಟಕಿಯ ಸರಳು ಆಗಲೇ ಕಾದಿದೆ, ಕಾರ್ಖಾನೆಯಲ್ಲಿ ಈ ಹೊತ್ತಿಗೆ ಅಚ್ಚಿನ ಯಂತ್ರ ಉಸಿರು ಬಿಟ್ಟಂತೆ ಗಾಳಿ ಬಿಡುತ್ತ ಬಿಳಿ ಡಬ್ಬಿಗಳನ್ನು ಉದುರಿಸುತ್ತಿರುತ್ತದೆ, ಅವಳ ಕುರ್ಚಿ ಖಾಲಿ, ಕಂಪ್ಯೂಟರಿನ ಮೇಲೆ ಬಾಟಲಿಯ ಕುತ್ತಿಗೆಯ ಚಿತ್ರ ಹಾಗೇ ನಿಂತಿದೆ, ಎಂಟು ವರ್ಷದಿಂದ ಅದೇ ಕೆಲಸ, ಎಣ್ಣೆಯ ಡಬ್ಬಿ, ಉಪ್ಪಿನಕಾಯಿಯ ಡಬ್ಬಿ, ಮುಚ್ಚಳ, ಯಾವುದರಲ್ಲೂ ಅವಳ ಮನಸ್ಸು ಹೀಗೆ ಸಿಕ್ಕಿಬಿದ್ದಿರಲಿಲ್ಲ, ತಿಕೋಟಾದ ಗುರುಪಾದಯ್ಯನವರು ಬಂದು ಕೂತು ಹೇಳಿದ ದಿನದವರೆಗೆ. ಅವರು ದ್ರಾಕ್ಷಿಗೆ ಹೊಡೆಯುವ ಔಷಧ ತಯಾರಿಸುವವರು. ನನ್ನ ಖಾಲಿ ಬಾಟ್ಲಿಯೊಳಗ ಯಾರೋ ಬಣ್ಣದ ನೀರ ತುಂಬಿ ಮಾರಾಕತ್ತಾರವ್ವಾ, ತ್ವಾಟ ಸುಟ್ಟಮ್ಯಾಲ ಬಂದು ನನ್ನ ಅಂಗಿ ಹಿಡಿತಾರ, ಬಗ್ಗಿಸಿದ್ರ ಹೊರಗ ಬರಬೇಕು, ಸುರುವಿದ್ರ ಒಳಗ ಹೋಗಬಾರದು, ಅಂಥಾದ್ದೊಂದು ಮಾಡಿಕೊಡ. ಮಾಡ್ತೀನ್ರಿ ಅಂದಳು ಅವಳು, ಮಾಲೀಕರು ಬಾಯಿ ತೆರೆಯುವ ಮೊದಲೇ, ತನ್ನ ದನಿ ತನಗೇ ಬೇರೆಯಾಗಿ ಕೇಳಿತು.

ಹೊರಗೆ ಬರಬೇಕು, ಒಳಗೆ ಹೋಗಬಾರದು, ಹೇಳುವುದಕ್ಕೆ ಎಷ್ಟು ಸಲೀಸು. ಕುತ್ತಿಗೆಯೊಳಗೆ ಒಂದು ಸಣ್ಣ ಗೂಡು, ಗೂಡಿನ ತಳದಲ್ಲಿ ತೂತು, ತೂತಿನ ಮೇಲೆ ಒಂದು ಗುಂಡು — ಬಾಟಲಿ ನೆಟ್ಟಗಿದ್ದರೆ ಗುಂಡು ತನ್ನ ಭಾರಕ್ಕೆ ಕೂತು ದಾರಿ ಮುಚ್ಚುತ್ತದೆ, ಬಗ್ಗಿಸಿದರೆ ಉರುಳಿ ದಾರಿ ಬಿಡುತ್ತದೆ, ಮೊದಲನೆಯದರಲ್ಲಿ ಗುಂಡು ಸಿಕ್ಕಿಕೊಂಡಿತು, ಎರಡನೆಯದು ಸೋರಿತು, ಮೂರು, ನಾಲ್ಕು ನೆನಪಿಲ್ಲ, ಐದನೆಯದಕ್ಕೆ ಉಕ್ಕಿನ ಗುಂಡು ಹಾಕಿದಳು, ಕಾರ್ಖಾನೆಯ ಆರಿಫ ಅಯಸ್ಕಾಂತ ತಂದು ಹೊರಗಿನಿಂದಲೇ ಎತ್ತಿ ತೋರಿಸಿದ, ಮ್ಯಾಡಮ್ ಮುಗೀತ ನೋಡ್ರಿ ಅಂದ, ಆರರಿಂದ ಗಾಜಿನ ಗುಂಡು. ಬೇರೆಯವರಿಗೆ ಇದು ನಕಲಿ ಮಾಲಿನ ಮಾತು. ಗೆರೆ ಎಳೆಯುವಾಗ ಅವಳಿಗೆ ಕಾಣುವುದು ಅಪ್ಪನ ಗಂಟಲು. ಅಲ್ಲಿ ಒಂದು ಗುಂಡು ಇದ್ದಿದ್ದರೆ, ಅನ್ನಿಸಿದ್ದುಂಟು, ನಾಚಿಕೆಯಾಗಿದ್ದೂ ಉಂಟು. ತಿಕೋಟಾ, ತಿಕೋಟಾ ಅನ್ನುತ್ತಾನೆ ಕಂಡಕ್ಟರ್, ಅವಳು ಇಳಿಯುತ್ತಾಳೆ, ಆ ಕುತ್ತಿಗೆ ತಿರುಗಲಿಲ್ಲ, ಬಸ್ಸು ಅವರಿಬ್ಬರ ಊರಾದ ಬಿಜ್ಜರಗಿಗೆ ಹೊರಟುಹೋಯಿತು.

ಗುರುಪಾದಯ್ಯನವರ ಗೋದಾಮಿನ ಮುಂದೆ ಒಣದ್ರಾಕ್ಷಿಯ ಸಿಹಿವಾಸನೆ, ಅದರಡಿಗೆ ಔಷಧದ ಘಾಟು, ಒಂದು ಬಕೆಟ್ ನೀರು, ಎರಡು ಕುರ್ಚಿ, ಒಂದರಲ್ಲಿ ಅವಳು ನೋಡಿರದ ಮುದುಕರೊಬ್ಬರು, ಬಿಳಿ ಗಡ್ಡ, ಬೆರಳ ತುದಿಗಳು ಬಿರುಕು ಬಿರುಕು. ಇವ್ರು ಕಾಸಿಮಸಾಬ ಅಂತವ್ವಾ, ಬಬಲೇಶ್ವರದವ್ರು, ಹಳೀ ಬಾಟ್ಲಿ ಕೊಂಡು ಮಾರೂದು, ಮೂವತ್ತ ವರ್ಷ ಆತು, ಇವ್ರಿಗಿ ಗೊತ್ತಿಲ್ಲದ ಬಾಟ್ಲಿ ಇಲ್ಲ, ಇವ್ರ ಕೈಲಿ ತುಂಬಲಿಲ್ಲಂದ್ರ ಯಾರ ಕೈಲೂ ತುಂಬೂದಿಲ್ಲ. ಕಾಸಿಮಸಾಬರು ಬಾಟಲಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು, ಒಳಗೆ ಗುಂಡಿನ ಸಣ್ಣ ಸದ್ದು, ಮೇಲಿನಿಂದ ನೀರು ಸುರುವಿದರು, ಬಾಯಿತನಕ ಏರಿ ಹೊರಚೆಲ್ಲಿತು, ಸಣ್ಣ ನಳಿಕೆ ತೂರಿಸಿದರು, ಗೂಡಿನ ಸಲಾಕೆಗಳಿಗೆ ತಾಗಿ ಬಾಗಿತು, ಭಾಳ ಛಲೋ ಮಾಡೀಯವ್ವಾ ಅಂದರು, ಗುರುಪಾದಯ್ಯನವರು ನಕ್ಕರು, ಎಂಟು ತಿಂಗಳ ಕೆಲಸ ಮುಗಿಯಿತು ಅಂದುಕೊಂಡು ಅವಳು ಟವೆಲು ಮಡಚತೊಡಗಿದಳು, ಆಗ ಕಾಸಿಮಸಾಬರು ಕೇಳಿದರು, ಒಂದ್ ತಂಬಿಗಿ ಬಿಸಿನೀರ ಸಿಗತೈತೇನ್ರಿ. ಬಿಸಿನೀರನ್ನು ಬಾಟಲಿಯ ಹೊರಮೈಮೇಲೆ ಹೊಯ್ದರು, ಸಾವಕಾಶ, ಮಗುವಿಗೆ ಎರೆದಂತೆ, ಆಮೇಲೆ ತಲೆಕೆಳಗು ಮಾಡಿ ಬಕೆಟ್ಟಿನ ತಣ್ಣೀರಿನಲ್ಲಿ ಬಾಯಿ ಅದ್ದಿ ಹಿಡಿದು ಕೂತರು, ಏನೂ ಮಾಡಲಿಲ್ಲ, ಎಡಗೈಯಲ್ಲಿ ಚಹಾ ಕುಡಿದರು, ಒಳಗಿನ ಗಾಳಿ ಆರುತ್ತಿದೆ, ಕುಗ್ಗುತ್ತಿದೆ, ಅವಳಿಗೆ ತಿಳಿದುಹೋಯಿತು, ಚಹಾ ಮುಗಿಯುವ ಮೊದಲೇ, ತಲೆಕೆಳಗಾದ ಬಾಟಲಿಯಲ್ಲಿ ಗುಂಡು ಕೆಳಗುರುಳಿ ದಾರಿ ಬಿಟ್ಟಿರುತ್ತದಲ್ಲ, ಆ ದಾರಿಯಲ್ಲಿ ನೀರು ಒಂದು ಬೆರಳು ಏರಿತು, ಎರಡು ಬೆರಳು. ಇನ್ನ ಮೂರ್ನಾಕ ಸಲ ಮಾಡಿದ್ರ ತುಂಬತೈತಿ, ಬಾಟ್ಲಿಗಿ ನೀರಡಿಕಿ ಆಗೇತವ್ವಾ, ತಾನ ಕುಡೀತೈತಿ ಅಂದರು ಕಾಸಿಮಸಾಬರು, ಗೆದ್ದ ದನಿಯಲ್ಲಲ್ಲ, ಬೇಸರದಿಂದಲೂ ಅಲ್ಲ. ಗುರುಪಾದಯ್ಯನವರು ಕೊಠಡಿಯೊಳಗೆ ಹೋಗಿ ಬಂದರು. ಹದಿನೈದ ದಿನ ನೋಡ್ತೀನಿ, ಆಗಲಿಲ್ಲಂದ್ರ ಮುಚ್ಚಳಕ್ಕ ಹೊಳಿಯೂ ಚೀಟಿ ಅಂಟಿಸಿ ಸುಮ್ನಾಗ್ತೀನಿ. ಅವಳು ಹೊರಟಾಗ ರಸ್ತೆಯಲ್ಲಿ ಕಾಸಿಮಸಾಬರು ಸೈಕಲ್ಲು ಹಿಡಿದು ನಿಂತಿದ್ದರು, ಬ್ಯಾಸರ ಮಾಡ್ಕೋಬ್ಯಾಡ, ನಾವು ಒಯ್ಯೂದು ಹತ್ತರಾಗ ಮೂರ ಬಾಟ್ಲಿ, ಉಳಿದ ಏಳು ಮನ್ಯಾಗ ಇರ್ತಾವ, ಒಂದರಾಗ ಅಡಗಿ ಎಣ್ಣಿ, ಒಂದರಾಗ ಹೊಲಕ್ಕ ಒಯ್ಯೂ ನೀರು, ಅವು ಯಾರ ಕಣ್ಣಿಗೂ ಬೀಳೂದಿಲ್ಲ.

ಹೊಲಕ್ಕೆ ಒಯ್ಯುವ ನೀರು. ಕಾರ್ಖಾನೆಗೆ ಮರಳಬೇಕಾದವಳು ಬಿಜ್ಜರಗಿಯ ಬಸ್ಸಿನಲ್ಲಿ ಕೂತಿದ್ದಾಳೆ, ಯಾಕೆ ಹತ್ತಿದಳೋ, ಹೊರಗೆ ದ್ರಾಕ್ಷಿ ಹಂದರ, ಹಂದರದ ಮೇಲೆ ಬಿಳಿ ಪರದೆ, ಹಂದರದ ಕೆಳಗೆ ಹಸಿರು ನೆರಳು, ಅಪ್ಪ ಭಾಗಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಆ ನೆರಳಿನಿಂದ ಹೊರಗೆ ಬರುತ್ತಿದ್ದಾನೆ, ಮೂಗಿಗೆ ಬಟ್ಟೆ, ರೆಪ್ಪೆಗಳ ಮೇಲೆ ಬಿಳಿ ಹನಿ, ಅವಳಿಗೆ ಹನ್ನೊಂದು ವರ್ಷ, ರವಿವಾರ, ರೊಟ್ಟಿಯ ಗಂಟು ತಂದಿದ್ದಾಳೆ, ಅವ್ವ ಅತ್ತ ಚಿಗುರು ಚಿವುಟುವ ಹೆಣ್ಣಾಳುಗಳ ಸಾಲಿನಲ್ಲಿ, ಬಂಡೆಯ ನೆರಳಿಗೆ ಒದ್ದೆ ಬಟ್ಟೆ ಸುತ್ತಿದ ಬಾಟಲಿಗಳು, ನೀರು ತಣ್ಣಗಿರಲಿ ಅಂತ ಎಲ್ಲರೂ ಸುತ್ತುವುದು ಹಾಗೇ, ಅಪ್ಪ ಒಂದನ್ನು ಎತ್ತಿ ಮುಖವೆತ್ತಿ ಬಾಯಿಗೆ ಸುರುವಿಕೊಂಡ, ಒಂದೇ ಗುಟುಕು, ಆಮೇಲೆ ಅವನಿಂದ ಬಂದ ಸದ್ದು ಮನುಷ್ಯನದಲ್ಲ. ತೋಟದ ಮೇಲ್ವಿಚಾರಣೆ ರಾಜಾರಾಮನದು, ಔಷಧದ ಕೀಲಿ ಅವನ ಸೊಂಟದಲ್ಲಿ, ಅವನೇ ಮೋಟರ್ ಸೈಕಲ್ಲಿನಲ್ಲಿ ಅವ್ವನನ್ನು ಹಿಂದೆ, ಅಪ್ಪನನ್ನು ನಡುವೆ ಕೂರಿಸಿಕೊಂಡು ವಿಜಯಪುರದ ತನಕ ಓಡಿಸಿದ, ಅಪ್ಪ ಉಳಿದ, ದನಿ ಉಳಿಯಲಿಲ್ಲ, ಅಂದಿನಿಂದ ಬರೀ ಉಸಿರ ಗಾಳಿಯಲ್ಲೇ ಮಾತಾಡುತ್ತಾನೆ. ದವಾಖಾನೆಯ ಪಡಸಾಲೆಯಲ್ಲಿ ತೋಟದ ಧಣಿ ಕೇಳಿದ, ಬಾಟ್ಲಿಗಿ ಎಣ್ಣಿ ಯಾರ್ ತುಂಬಿಟ್ಟಿದ್ದು, ಹೊಡೆಯುವ ಔಷಧಕ್ಕೆ ಅಲ್ಲಿ ಎಣ್ಣಿ ಅಂತಲೇ ಹೆಸರು, ಹನ್ನೊಂದು ವರ್ಷದ ಹುಡುಗಿ ಬೆರಳು ಚಾಚಿದಳು, ಇಂವ, ಕೀಲಿ ಇವನ ಕಡೇನ ಇರತೈತಿ. ರಾಜಾರಾಮ ನಾ ಅಲ್ರಿ ಅಂದ, ಒಮ್ಮೆ ಮಾತ್ರ. ಅವ್ವ ಗೋಡೆಗೆ ಆತು ನಿಂತಿದ್ದಳು. ಮರುದಿನ ಅವನ ಕೆಲಸ ಹೋಯಿತು.

ಮನೆಯಲ್ಲಿ ಇಬ್ಬರೂ ಇದ್ದರು, ಅಪ್ಪ ಆಡುಗಳಿಗೆ ಜೋಳದ ದಂಟು ಕತ್ತರಿಸುತ್ತಿದ್ದ, ಅವ್ವ ಸಾವಂತ್ರವ್ವ ಬೇಳೆ ಹಸನು ಮಾಡುತ್ತಿದ್ದಳು, ಗೋಡೆಯ ಮೇಲೆ ಬುದ್ಧನ ಪಟ, ಅದರ ಗಾಜು ನಿನ್ನೆ ಒರೆಸಿದಂತಿದೆ. ಯಾಕ ಬಂದೀಯವಾ, ಸೂಟಿ ಐತೇನ ಅಂದ ಅಪ್ಪ, ಗಾಳಿಯಲ್ಲಿ, ಅವಳು ಅವನ ತುಟಿ ನೋಡಿ ಕೇಳಿಸಿಕೊಂಡಳು. ಸೂಟಿ ಇಲ್ಲ ಯಪ್ಪಾ, ಬಾಟ್ಲಿ ಕೆಟ್ಟೈತಿ. ಚೀಲದಿಂದ ಇನ್ನೂ ಅಂಟಿಸದ ಬಿಡಿ ಗೂಡನ್ನೂ ಇನ್ನೊಂದು ಬಾಟಲಿಯನ್ನೂ ತೆಗೆದು ತೋರಿಸಿದಳು, ಕಾಸಿಮಸಾಬರು ಮಾಡಿದ್ದನ್ನು ಮಾಡಿ ತೋರಿಸಿದಳು, ಬಿಸಿನೀರು, ತಣ್ಣೀರು, ಎರಡು ಬೆರಳು. ಗಾಜಿನ ಗುಂಡು ಭಾರ, ನೀರಿನಲ್ಲಿ ಮುಳುಗಿ ಕೆಳಗೇ ಕೂರುತ್ತದೆ, ತೇಲುವಂಥದ್ದಾದರೆ ನೀರೇ ಅದನ್ನು ಎತ್ತಿ ತೂತಿಗೆ ಒತ್ತುತ್ತದೆ, ಆದರೆ ಬರೀ ಹಗುರಾದರೆ ನೆಟ್ಟಗಿಟ್ಟು ಸುರುವಿದಾಗ ತೇಲಿ ದಾರಿ ಬಿಟ್ಟೀತು, ಹಾಗಾದರೆ ಎರಡೂ ಬೇಕು, ತೂತಿನ ಮೇಲೆ ಹಗುರಾದ್ದು, ಹಗುರಾದ್ದರ ಮೇಲೆ ಭಾರವಾದ್ದು, ನೆಟ್ಟಗಿದ್ದರೆ ಭಾರ ಹಗುರವನ್ನು ಅದುಮುತ್ತದೆ, ತಲೆಕೆಳಗಾದರೆ — ಅವಳ ಕಣ್ಣು ಅಪ್ಪನ ಕಾಲ ಬಳಿ ಬಿದ್ದ ದಂಟಿನ ಮೇಲೆ ನಿಂತಿತು. ಸಿಪ್ಪೆ ಸುಲಿದಳು, ಒಳಗಿನ ಬಿಳಿ ಬೆಂಡು, ಸಣ್ಣವಳಿದ್ದಾಗ ಅದರಲ್ಲಿ ಬಂಡಿ ಮಾಡಿ ಕೊಡುತ್ತಿದ್ದವನು ಅಪ್ಪನೇ, ಕೊಡ ಇಲ್ಲೆ ಅಂದು ಅವನು ಬ್ಲೇಡು ಇಸಕೊಂಡ, ತಿರುವಿ ತಿರುವಿ ಹೆರೆದ, ಬಟಾಣಿಯಂಥ ಗುಂಡೊಂದು ಅಂಗೈಮೇಲೆ ನಿಂತಿತು, ಮೇಣ ಸವರಿದರು, ಗೂಡಿನಲ್ಲಿ ಬೆಂಡು, ಬೆಂಡಿನ ಮೇಲೆ ಗಾಜು, ಗೂಡು ಕುತ್ತಿಗೆಗೆ, ಬಿಸಿನೀರು, ತಣ್ಣೀರು, ಅವಳು ನೂರರ ತನಕ ಎಣಿಸಿದಳು, ಇನ್ನೂರು, ನೀರು ಏರಲಿಲ್ಲ, ಬಾಟಲಿಯ ಕೆನ್ನೆಗಳು ಒಳಗೆ ಹೋದವು, ಹಲ್ಲಿಲ್ಲದ ಬಾಯಿ ಹೀರಿದಂತೆ, ಆದರೂ ಒಂದು ಹನಿ ಒಳಗೆ ಬರಲಿಲ್ಲ. ಗೂಡು ಬಿಚ್ಚಿ ನೀರು ತುಂಬಿ, ಮತ್ತೆ ಕೂರಿಸಿ ಬಗ್ಗಿಸಿದಳು, ಗುಳುಗುಳು ಹೊರಗೆ ಬಂತು. ಬೆಂಡು ಬೇಡ, ಟೊಳ್ಳು ಪ್ಲಾಸ್ಟಿಕ್ಕು, ಗೂಡು ಎರಡು ಮಿಲಿಮೀಟರು ಎತ್ತರ, ನಾಳೆಯೇ ಗೆರೆ ಎಳೆಯಬಹುದು, ಆಗಿಹೋಯಿತು. ಅಪ್ಪ ನೆಟ್ಟಗಿಟ್ಟು ಮೇಲಿನಿಂದ ಸುರುವಿ ನೋಡಿದ, ನೀರು ಅವನ ಮಣಿಕಟ್ಟಿನ ಮೇಲೆ ಹರಿಯಿತು, ದನಿಯಿಲ್ಲದೆ ನಕ್ಕ.

ಅವ್ವ ಮೊರ ಕೆಳಗಿಟ್ಟಿದ್ದಳು, ಎಷ್ಟು ಹೊತ್ತಿನಿಂದಲೋ. ಇದರಾಗ ಏನೂ ಹೋಗೂದಿಲ್ಲೇನ. ಹೋಗೂದಿಲ್ಲ ಯವ್ವಾ. ಯಾರ್ ತುಂಬಿದ್ರೂ. ಯಾರ್ ತುಂಬಿದ್ರೂ. ಇಂಥಾ ಬಾಟ್ಲಿ ಆವಾಗ ಇದ್ದಿದ್ರ ನನ್ನ ಕೈ ತಡೀತಿತ್ತ ನೋಡ ಅಂದಳು ಅವ್ವ, ಅಂಗಳದ ಆಡಿನ ಕಡೆ ನೋಡುತ್ತ, ಮಳೆ ಬರಲಿಲ್ಲ ಅನ್ನುವಷ್ಟೇ ದನಿಯಲ್ಲಿ, ನಾನ ತುಂಬಿದ್ನಿ ಪೂನಮ, ಮನ್ಯಾಗ ತಗಣಿ ಭಾಳ ಆಗಿದ್ದು, ನಿನ್ನ ಮೈತುಂಬ ಕಡದಿದ್ದು, ರಾಜಾರಾಮ ಎಣ್ಣಿ ಪಿಪಾಯಿ ತೆರದಿಟ್ಟು ಅತ್ತಾಗ ಹೋಗಿದ್ದ, ತಂಪಿನ ಬಾಟ್ಲಿ ಒಂದು ಬಿದ್ದಿತ್ತು, ತಗಣಿಗಿ ಹೊಡಿಯಾಕಂತ ಅದರಾಗ ಅರ್ಧ ತುಂಬಿ ಯಾರಿಗೂ ಕಾಣಬಾರದಂತ ಒದ್ದಿ ಅರಬಿ ಸುತ್ತಿಟ್ನಿ, ನೀರಿನ ಬಾಟ್ಲಿಗೋಳ ಜೋಡಿ ಇಟ್ನಿ, ಹೇಳಬೇಕಂದ್ನಿ, ದವಾಖಾನ್ಯಾಗ ನೀ ಕೈ ಮಾಡಿ ತೋರಿಸಿಬಿಟ್ಟಿ, ನನ್ನ ಬಾಯಿ ಕಟ್ಟಿಹೋತು. ಪೂನಮ ಅಪ್ಪನ ಕಡೆ ನೋಡಿದಳು, ಅವನ ತುಟಿ ಅಲ್ಲಾಡಿತು, ಗೊತ್ತಿತ್ತ ನನಗ, ಆವತ್ತ ಅವಳ ಕೈ ವಾಸನಿ ಹೊಡೀತಿತ್ತ. ಹದಿನೆಂಟು ವರ್ಷ, ಇಬ್ಬರೂ, ಒಂದೇ ಒಲೆಯ ಮುಂದೆ, ಮತ್ತು ಅವಳು, ಆರಾಮ ಅದೀಯೇನವಾ ಅಂದವನಿಗೆ ಒಂದು ಮಾತಿಲ್ಲ, ನಾಳೆ ರಾಜಾರಾಮನ ಮನೆಗೆ ಹೋಗಬೇಕು, ನಾಳೆಯಲ್ಲ, ಈಗಲೇ, ಅವನು ಊರಲ್ಲೇ ಇದ್ದಾನೆ, ಹೋಗಿ ಏನನ್ನಬೇಕು — ಇಂಥಾ ಬಾಟ್ಲಿ ಆವಾಗ ಇದ್ದಿದ್ರ, ಅವ್ವ ಮತ್ತೆ ಕೇಳುತ್ತಾಳೆ, ತಡೀತಿತ್ತ, ಹೌದಲ್ಲೋ, ಇಲ್ಲ ಅನ್ನುವುದು ನಾಲಗೆಯ ತುದಿಗೆ ಬಂದಿದೆ, ಈ ಗೂಡು ಔಷಧದ ಬಾಟಲಿಗೆ, ಅವ್ವ ತುಂಬಿದ್ದು ತಂಪು ಪಾನೀಯದ ಬಾಟಲಿ, ಅದಕ್ಕೆ ಯಾರೂ ಯಾವ ಗುಂಡನ್ನೂ ಹಾಕುವುದಿಲ್ಲ, ಅದು ಇವತ್ತೂ ತುಂಬುತ್ತದೆ, ಹೌದು ಯವ್ವಾ, ತಡೀತಿತ್ತ, ಅಂದಳು. ಅವ್ವ ತಲೆಯಾಡಿಸಿದಳು. ಭಾಳ ಹುಷಾರಿಲೆ ತುಂಬಿದ್ನಿ, ಒಂದ್ ಹನಿ ಕೆಳಗ ಚೆಲ್ಲಲಿಲ್ಲ ಅಂದಳು, ಅನ್ನುತ್ತ ಅವಳ ಎಡಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿಯಿತು, ಹೆಬ್ಬೆರಳು ಒಂದು ಕಡೆ, ಎರಡು ಬೆರಳು ಇನ್ನೊಂದು ಕಡೆ, ನಡುವೆ ದುಂಡಗೆ ಜಾಗ, ಇಪ್ಪತ್ತೆಂಟು ಮಿಲಿಮೀಟರು, ಅಳೆಯಬೇಕಿಲ್ಲ, ಪೂನಮಳ ಕಣ್ಣಿಗೆ ಗೊತ್ತು, ತಂಪಿನ ಬಾಟಲಿಯ ಕುತ್ತಿಗೆಯ ಅಳತೆ, ಆ ಕೈ ಕೆಳಗಿಳಿಯುತ್ತಿಲ್ಲ, ಹೆಬ್ಬೆರಳು, ಎರಡು ಬೆರಳು, ನಡುವೆ ದುಂಡಗೆ ಜಾಗ, ಇಪ್ಪತ್ತೆಂಟು, ಹೆಬ್ಬೆರಳು, ಎರಡು ಬೆರಳು, ನಡುವೆ